ಅರ್ಧ ಹೆಸರಿನ ಯಂತ್ರಶಿಲ್ಪಿ

ನನ್ನ ಬರೆಯುವ ಮೇಜಿನ ಮೇಲೆ ಲೇಖನಿಗಳನ್ನಿಡಲು ತಲೆಕೆಳಗಾಗಿ ನಿಲ್ಲಿಸಿದ ಒಂದು ಸವೆದ ಪಿಸ್ಟನ್ ಇದೆ. ಮನೆಗೆ ಬಂದ ವಿದ್ಯಾರ್ಥಿಗಳು ಮೊದಲು ಅದನ್ನೇ ನೋಡುತ್ತಾರೆ. ಕನ್ನಡದ ಮೇಷ್ಟ್ರಿಗೂ ಈ ಕಬ್ಬಿಣದಂಗಡಿಯ ಸಾಮಾನಿಗೂ ಏನು ನಂಟು ಎಂದು ಅವರ ಕಣ್ಣು ಕೇಳುತ್ತದೆ. ಪುಸ್ತಕದ ಕಪಾಟಿನಲ್ಲಿ ಅದರ ಒಡಹುಟ್ಟಿದವು ಇನ್ನೂ ಮೂರಿವೆ. ನಾಲ್ಕೂ ನನ್ನ ತಂದೆಯವರ ಜಾವಾ ಮೋಟಾರು ಸೈಕಲ್ಲಿನ ಎಂಜಿನ್ನಿನಿಂದ ಒಂದರ ನಂತರ ಒಂದಾಗಿ ಹೊರಬಂದವು.

ತಂದೆಯವರು ಪಶುವೈದ್ಯರು. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಹೀಗೆ ನಾಲ್ಕು ಊರುಗಳಲ್ಲಿ ಅವರ ಸೇವೆ ಸಂದಿತು. ಅವರ ಜೊತೆಗೆ ಆ ಜಾವಾ ಕೂಡ ವರ್ಗವಾಗುತ್ತ ಬಂದಿತು. ಎಂಜಿನ್ನಿನ ಸಿಲಿಂಡರು ಹುಟ್ಟಿದಾಗ ಅದರ ಒಳವ್ಯಾಸ 65 ಮಿಲಿಮೀಟರು. ಜಗಳೂರಿನ ಬೆದ್ದಲು ಹೊಲಗಳ ಧೂಳನ್ನುಂಡು ಅದು ಸವೆದಾಗ ಕಾಲು ಮಿಲಿಮೀಟರು ಹೆಚ್ಚಿಗೆ ಕೊರೆಸಿ, ಅಷ್ಟೇ ದಪ್ಪನೆಯ ಹೊಸ ಪಿಸ್ಟನ್ ಹಾಕಿಸಿದರು. ಚನ್ನಗಿರಿಯ ಅಡಿಕೆ ತೋಟಗಳ ನಡುವಣ ಹಾದಿಗಳಲ್ಲಿ ಇನ್ನೊಂದು ಕಾಲು, ಹೊನ್ನಾಳಿಯಲ್ಲಿ ಮತ್ತೊಂದು, ನ್ಯಾಮತಿಯಲ್ಲಿ ಕೊನೆಯದು. ಒಬ್ಬ ಸರಕಾರಿ ನೌಕರನ ಇಡೀ ಉದ್ಯೋಗಪರ್ವ ಹೀಗೆ ಒಂದು ಮಿಲಿಮೀಟರಿನೊಳಗೆ ಅಳತೆಗೆ ಸಿಕ್ಕಿತ್ತು.

ತಂದೆಯವರು ತೀರಿಕೊಂಡ ಮೇಲೆ ಗಾಡಿ ಹಿತ್ತಲಿನ ಕೊಟ್ಟಿಗೆ ಸೇರಿತು. ಕಳೆದ ವರ್ಷ ಅದನ್ನು ಮತ್ತೆ ಓಡಿಸುವ ಮನಸ್ಸಾಗಿ, ತಂದೆಯವರ ಕಾಲದಿಂದ ಅದರ ನಾಡಿ ಬಲ್ಲ ಚನ್ನಗಿರಿಯ ಹಿರಿಯ ಮೇಸ್ತ್ರಿಯವರ ಬಳಿ ಒಯ್ದೆ. ಅವರು ಹೆಡ್ ಕಳಚಿ, ಸಿಲಿಂಡರನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿದರು. ಗೋಡೆಯಲ್ಲಿ ಉದ್ದುದ್ದ ಗೀರುಗಳು. ಮೇಲುಭಾಗದಲ್ಲಿ ರಿಂಗುಗಳು ಬಂದು ನಿಲ್ಲುವ ಕಡೆ ಉಗುರಿಗೆ ತಾಗುವಷ್ಟು ಮೆಟ್ಟಿಲು. ಕೊರೆಯಬಹುದಾದಷ್ಟನ್ನೂ ನಿಮ್ಮ ತಂದೆಯವರೇ ಕೊರೆಸಿ ಮುಗಿಸಿದ್ದಾರೆ, ಇನ್ನು ಇದಕ್ಕಿಂತ ದಪ್ಪನೆಯ ಪಿಸ್ಟನ್ ನನಗೆಲ್ಲೂ ಸಿಗದು ಎಂದರು. ಅದೇ ವಾರ ಹಳೆಯ ಗಾಡಿಗಳನ್ನು ಸಂಗ್ರಹಿಸುವವರೊಬ್ಬರು ಬೆಂಗಳೂರಿನಿಂದ ಬಂದು, ಎಂಜಿನ್ನು ಕೆಟ್ಟಿದ್ದರೂ ಚಿಂತೆಯಿಲ್ಲವೆಂದು, ನಾನು ನಿರೀಕ್ಷಿಸದಷ್ಟು ದೊಡ್ಡ ಮೊತ್ತವನ್ನು ಹೇಳಿದರು. ನಾನು ಎಂಟು ದಿನದ ವಾಯಿದೆ ಕೇಳಿಕೊಂಡೆ.

ಆ ಎಂಟು ದಿನ ನಾನು ಮಾಡಿದ್ದು ಕನ್ನಡ ಉಪನ್ಯಾಸಕ ಮಾಡಬಹುದಾದ ಕೆಲಸವನ್ನೇ: ಶಬ್ದದ ಮೂಲವನ್ನು ಹುಡುಕಿದೆ. ಜಾವಾ ಎಂದರೆ ಏನು? ಬಾಲ್ಯದಿಂದ ಅದನ್ನು ದ್ವೀಪದ ಹೆಸರೆಂದೇ ತಿಳಿದಿದ್ದವನು ನಾನು. ಹುಡುಕಿದಾಗ ಸಿಕ್ಕಿದ್ದು ಒಬ್ಬ ಮನುಷ್ಯ.

*

ಆತನ ಹೆಸರು ಫ್ರಾಂಟಿಶೆಕ್ ಯಾನೆಚೆಕ್. ಚೆಕ್ ಭಾಷೆಯಲ್ಲಿ ಇಂಗ್ಲಿಷಿನ ಜೆ ಅಕ್ಷರಕ್ಕೆ ಯಕಾರದ ಉಚ್ಚಾರ. ಆದ್ದರಿಂದ ಆ ದೇಶದವರ ಬಾಯಲ್ಲಿ ಇದು ಯಾವಾ. ಮೊದಲ ಅಕ್ಷರ ಯಾನೆಚೆಕ್‌ನದು. ಎರಡನೆಯದು ಜರ್ಮನಿಯ ವಾಂಡರರ್ ಎಂಬ ಕಾರ್ಖಾನೆಯದು. ಹೀಗೆ ಲೋಕವೆಲ್ಲ ಉಚ್ಚರಿಸುವ ಆ ಪದದಲ್ಲಿ ಆತನ ಪಾಲು ಒಂದೇ ಅಕ್ಷರ. ಅದನ್ನೂ ನಾವು ತಪ್ಪಾಗಿಯೇ ಉಚ್ಚರಿಸುತ್ತೇವೆ. ಯಾನ್ ಎಂಬ ಹೆಸರಿನ ಅಲ್ಪಾರ್ಥಕ ರೂಪ ಯಾನೆಚೆಕ್. ನಮ್ಮ ಪುಟ್ಟಯ್ಯ, ಚಿಕ್ಕಣ್ಣ ಇದ್ದಂತೆ.

ಈ ಪುಟ್ಟಯ್ಯ ಹುಟ್ಟಿದ್ದು 1878ರ ಜನವರಿ 23ರಂದು, ಪೂರ್ವ ಬೊಹೀಮಿಯದ ಒಂದು ಹಳ್ಳಿಯಲ್ಲಿ. ಆಗ ಅದು ಆಸ್ಟ್ರಿಯಾ ಹಂಗೇರಿ ಸಾಮ್ರಾಜ್ಯದ ಒಂದು ಮೂಲೆ. ಚೆಕ್ ಜನರಿಗೆ ತಮ್ಮದೆನ್ನುವ ಭಾಷೆಯಿತ್ತು, ಸಾಹಿತ್ಯವಿತ್ತು, ತಮ್ಮದೆನ್ನುವ ರಾಜ್ಯವಿರಲಿಲ್ಲ. ಆದರೆ ಗಣಿ, ಗಾಜು, ಉಕ್ಕು, ಯಂತ್ರ ಇವುಗಳಲ್ಲಿ ಬೊಹೀಮಿಯ ಆ ಸಾಮ್ರಾಜ್ಯದ ಕಾರ್ಖಾನೆಯೇ ಆಗಿದ್ದಿತು. ಜಾಣ ಹುಡುಗನೊಬ್ಬನಿಗೆ ಅಲ್ಲಿ ಎಂಜಿನಿಯರನಾಗುವುದು ಸಹಜವಾದ ಮಹತ್ವಾಕಾಂಕ್ಷೆ. ಯಾನೆಚೆಕ್ ಪ್ರಾಗ್ ನಗರದಲ್ಲಿಯೂ ಬರ್ಲಿನ್ನಿನಲ್ಲಿಯೂ ಓದಿದ. ಕೆಲವು ಕಾಲ ಹಾಲೆಂಡಿನಲ್ಲಿ ಕೆಲಸಮಾಡಿದ.

ಆತನಿಗೆ ಹೆಸರು ತಂದದ್ದು ಮಾತ್ರ ಶಸ್ತ್ರಾಸ್ತ್ರಗಳು. 1914ರಲ್ಲಿ ಆರಂಭವಾದ ಮಹಾಯುದ್ಧ ಯಂತ್ರ ಬಲ್ಲವರನ್ನೆಲ್ಲ ತನ್ನ ಕಡೆಗೆ ಸೆಳೆಯಿತು. 1918ರಲ್ಲಿ ಸಾಮ್ರಾಜ್ಯ ಒಡೆದು ಚೆಕೊಸ್ಲೊವಾಕಿಯ ಎಂಬ ಹೊಸ ಗಣರಾಜ್ಯ ಹುಟ್ಟಿದಾಗ, ಆ ಎಳೆಯ ರಾಷ್ಟ್ರಕ್ಕೆ ತನ್ನದೇ ಸೈನ್ಯ ಬೇಕಾಯಿತು, ಸೈನ್ಯಕ್ಕೆ ಆಯುಧ ಬೇಕಾಯಿತು. ಯಾನೆಚೆಕ್ ಸ್ವಂತ ಕಾರ್ಖಾನೆ ತೆರೆದ. ಆತ ರಚಿಸಿದ ಕೈಬಾಂಬನ್ನು ಆ ದೇಶದ ಸೈನ್ಯ ಅಂಗೀಕರಿಸಿತು. ಹಳೆಯ ಸಾಮ್ರಾಜ್ಯ ಬಿಟ್ಟುಹೋಗಿದ್ದ ಷ್ವಾರ್ಟ್ಸ್‌ಲೋಸೆ ಮೆಷಿನ್‌ಗನ್ನುಗಳನ್ನು ಹೊಸ ಅಳತೆಯ ಗುಂಡಿಗೆ ಹೊಂದುವಂತೆ ಮಾರ್ಪಡಿಸುವ ಕೆಲಸವನ್ನೂ ಆತನ ಕಾರ್ಖಾನೆ ಮಾಡಿತು. ಒಬ್ಬ ಯಂತ್ರಜ್ಞನ ಚರಿತ್ರೆಯನ್ನು ಬರೆಯುವಾಗ ಈ ಭಾಗವನ್ನು ಮೆಲ್ಲನೆ ದಾಟಿಹೋಗುವ ಆಸೆ ಯಾರಿಗಾದರೂ ಆದೀತು. ಆದರೆ ಹಾಗೆ ಮಾಡುವುದು ಪ್ರಾಮಾಣಿಕವಾಗದು. ಲೋಹದ ಸೂಕ್ಷ್ಮ ಅಳತೆಯನ್ನು ಆತ ಕಲಿತದ್ದು ಬಂದೂಕಿನ ನಳಿಗೆಯ ಮೇಲೆ. ಅದೇ ವಿದ್ಯೆ ಮುಂದೆ ಸಿಲಿಂಡರಿಗೆ ಬಂದಿತು.

1920ರ ದಶಕ ಮುಗಿಯುತ್ತ ಬಂದಂತೆ ಸೈನ್ಯದ ಬೇಡಿಕೆ ಇಳಿಯಿತು. ಪ್ರಾಗ್ ನಗರದ ಕಾರ್ಖಾನೆಯಲ್ಲಿ ಯಂತ್ರಗಳಿದ್ದವು, ನುರಿತ ಕೆಲಸಗಾರರಿದ್ದರು, ಕೆಲಸವಿರಲಿಲ್ಲ. ಯಾನೆಚೆಕ್‌ಗೆ ಆಗ ಐವತ್ತು ದಾಟಿತ್ತು. ಆ ವಯಸ್ಸಿಗೆ ನಮ್ಮಲ್ಲಿ ಅನೇಕರು ಪಿಂಚಣಿಯ ಲೆಕ್ಕ ಹಾಕುತ್ತಾರೆ. ಈತ ತನಗೆ ತಿಳಿಯದ ಒಂದು ಕಸಬಿಗೆ ಕೈಹಾಕಿದ. ಶಾಂತಿಕಾಲದಲ್ಲಿ ಜನರಿಗೆ ಬೇಕಾಗುವ ವಸ್ತು ಯಾವುದೆಂದು ಹುಡುಕಿ, ಮೋಟಾರು ಸೈಕಲ್ ಎಂದು ನಿಶ್ಚಯಿಸಿದ.

*

ಮೊದಲ ಹೆಜ್ಜೆ ತಪ್ಪಿತು. ಜರ್ಮನಿಯ ವಾಂಡರರ್ ಸಂಸ್ಥೆ ಮೋಟಾರು ಸೈಕಲ್ ತಯಾರಿಕೆಯಿಂದ ಹಿಂದೆ ಸರಿಯುವ ಹವಣಿಕೆಯಲ್ಲಿತ್ತು. ಅದರ 500 ಘನ ಸೆಂಟಿಮೀಟರಿನ ಗಾಡಿಯ ಹಕ್ಕನ್ನು ಯಾನೆಚೆಕ್ ಕೊಂಡ. ಒತ್ತಿದ ಉಕ್ಕಿನ ತಗಡಿನ ಚೌಕಟ್ಟು, ಸರಪಳಿಯ ಬದಲು ದಂಡದ ಮೂಲಕ ಹಿಂಚಕ್ರಕ್ಕೆ ಶಕ್ತಿ, ನೋಟಕ್ಕೆ ರಾಜಗಾಂಭೀರ್ಯ. 1929ರಲ್ಲಿ ಇಬ್ಬರ ಹೆಸರನ್ನೂ ಬೆಸೆದ ಜಾವಾ ಎಂಬ ಗುರುತಿನೊಂದಿಗೆ ಅದು ಮಾರುಕಟ್ಟೆಗೆ ಬಂದಿತು. ಬೆಲೆ ಸಾಮಾನ್ಯನ ಕೈಗೆಟುಕುವಂತಿರಲಿಲ್ಲ; ಎಂಜಿನ್ನಿನಲ್ಲಿ ನ್ಯೂನತೆಗಳಿದ್ದವು. ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದು, ಅದರ ಕಂಪನ ಯೂರೋಪಿಗೂ ಬಂದು ಮುಟ್ಟಿತು. ಕೆಲಸ ಕಳೆದುಕೊಂಡವರ ಸಾಲು ಬೆಳೆಯುತ್ತಿದ್ದ ದೇಶದಲ್ಲಿ ಸಿರಿವಂತರ ಗಾಡಿಯನ್ನು ಕೊಳ್ಳುವವರಾರು?

ಇಲ್ಲಿ ಯಾನೆಚೆಕ್ ತೋರಿಸಿದ ನಡೆ ನನಗೆ ಆತನ ಜೀವನದ ಮುಖ್ಯ ಘಟನೆಯಾಗಿ ಕಾಣುತ್ತದೆ. ಹತ್ತಾರು ಪೇಟೆಂಟುಗಳ ಒಡೆಯ ಆತ. ತಾನೇ ಕುಳಿತು ಹೊಸ ಎಂಜಿನ್ನನ್ನು ರಚಿಸಿ, ತನ್ನ ಗಾಡಿಯ ಮಾನವನ್ನು ಉಳಿಸಲು ಹೊರಟಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಹಾಗೆ ಮಾಡದೆ ಜಾರ್ಜ್ ಪ್ಯಾಚೆಟ್ ಎಂಬ ಇಂಗ್ಲಿಷ್ ವಿನ್ಯಾಸಕಾರನನ್ನು 1930ರಲ್ಲಿ ಪ್ರಾಗಿಗೆ ಕರೆಸಿಕೊಂಡ. ಪ್ಯಾಚೆಟ್ ಪಂದ್ಯಗಳಲ್ಲಿ ಗಾಡಿ ಓಡಿಸಿದವನು. ಯಂತ್ರದ ನೋವು ನಲಿವುಗಳನ್ನು ಸವಾರನಾಗಿ ಬಲ್ಲವನು. ಇಂಗ್ಲೆಂಡಿನ ವಿಲಿಯರ್ಸ್ ಸಂಸ್ಥೆಯ 175 ಘನ ಸೆಂಟಿಮೀಟರಿನ ಎರಡು ಹೊಡೆತದ ಸಣ್ಣ ಎಂಜಿನ್ನಿನ ಸುತ್ತ ಒಂದು ಹಗುರವಾದ, ಸರಳವಾದ ಗಾಡಿ ಸಿದ್ಧವಾಗಿ 1932ರಲ್ಲಿ ಹೊರಬಂದಿತು. ಬೆಲೆ ಮೊದಲಿನದಕ್ಕಿಂತ ಹಲವು ಪಾಲು ಕಡಿಮೆ. ಮುಗ್ಗಟ್ಟಿನ ನಡುವೆಯೂ ಮೊದಲ ವರ್ಷವೇ ಮೂರು ಸಾವಿರಕ್ಕೂ ಹೆಚ್ಚು ಮಾರಾಟವಾಯಿತು. ರಾಜಗಾಂಭೀರ್ಯ ಕೊಡದಿದ್ದುದನ್ನು ಸರಳತೆ ಕೊಟ್ಟಿತು.

ಎರಡು ಹೊಡೆತದ ಎಂಜಿನ್ನು ಎಂದರೇನು ಎಂಬುದನ್ನು ಸಾಹಿತ್ಯದ ವಾಚಕರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ಏಕೆಂದರೆ ಕತೆಯ ಜೀವ ಅದರಲ್ಲಿದೆ. ಸಾಮಾನ್ಯವಾದ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಗಾಳಿ ಪೆಟ್ರೋಲುಗಳ ಮಿಶ್ರಣ ಒಳಬರಲು, ಹೊಗೆ ಹೊರಹೋಗಲು ವಾಲ್ವ್ ಎಂಬ ಬಾಗಿಲುಗಳಿವೆ. ಆ ಬಾಗಿಲು ತೆರೆಯಲು ಹಲ್ಲುಚಕ್ರ, ಕ್ಯಾಮು, ಸ್ಪ್ರಿಂಗುಗಳ ಒಂದು ಪರಿವಾರವೇ ಬೇಕು. ಎರಡು ಹೊಡೆತದ ಎಂಜಿನ್ನಿನಲ್ಲಿ ಆ ಪರಿವಾರವಿಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿವೆ. ಮೇಲೆ ಕೆಳಗೆ ಚಲಿಸುವ ಪಿಸ್ಟನ್ನೇ ಅವುಗಳನ್ನು ಮುಚ್ಚುತ್ತದೆ, ತೆರೆಯುತ್ತದೆ. ಒಬ್ಬನೇ ಆಳು ಹೊಲ ಉಳುವುದನ್ನೂ ಬಾಗಿಲು ಕಾಯುವುದನ್ನೂ ಮಾಡಿದಂತೆ.

ಹಳೆಯ ಮಾದರಿಗಳಲ್ಲಿ ಒಳಬರುವ ಮಿಶ್ರಣ ನೇರವಾಗಿ ಹೊಗೆಯ ಕಿಂಡಿಯಿಂದ ಹೊರಗೆ ನುಗ್ಗದಿರಲೆಂದು ಪಿಸ್ಟನ್ನಿನ ತಲೆಯ ಮೇಲೆ ಒಂದು ದಿಣ್ಣೆಯನ್ನು ಎರಕ ಹೊಯ್ಯುತ್ತಿದ್ದರು. ಅದರಿಂದ ಪಿಸ್ಟನ್ ಭಾರವಾಗುತ್ತಿತ್ತು, ಒಂದು ಕಡೆ ಹೆಚ್ಚು ಕಾದು ವಿಕಾರವಾಗುತ್ತಿತ್ತು. ಅಡಾಲ್ಫ್ ಷ್ನೂರ್ಲೆ ಎಂಬ ಜರ್ಮನ್ ಎಂಜಿನಿಯರು ಕಿಂಡಿಗಳನ್ನೇ ಓರೆಯಾಗಿಟ್ಟು, ಮಿಶ್ರಣ ಎದುರು ಗೋಡೆಗೆ ತಾಗಿ, ಮೇಲಕ್ಕೆ ಸುರುಳಿಯಾಗಿ ತಿರುಗಿ ಬರುವಂತೆ ಮಾಡಿದ. ದಿಣ್ಣೆ ಹೋಗಿ ಪಿಸ್ಟನ್ನಿನ ತಲೆ ಸಪಾಟಾಯಿತು. ಇದರ ಹಕ್ಕು ಜರ್ಮನಿಯ ಡಿ.ಕೆ.ಡಬ್ಲ್ಯು. ಸಂಸ್ಥೆಯ ಬಳಿಯಿತ್ತು. ಯಾನೆಚೆಕ್ ಮತ್ತೊಮ್ಮೆ ಪರರ ವಿದ್ಯೆಗೆ ಬೆಲೆ ಕೊಟ್ಟ. 1930ರ ದಶಕದ ನಡುವೆ 250 ಘನ ಸೆಂಟಿಮೀಟರಿನ ಜಾವಾ ಗಾಡಿಗೆ ಈ ಬಗೆಯ ಎಂಜಿನ್ ಬಂದಿತು. ನನ್ನ ಮೇಜಿನ ಮೇಲಿನ ಪಿಸ್ಟನ್ನಿನ ತಲೆ ಸಪಾಟಾಗಿರುವುದು ಈ ಕಾರಣದಿಂದ. ಇಲ್ಲವಾದರೆ ಅದು ತಲೆಕೆಳಗಾಗಿ ನಿಂತು ನನ್ನ ಲೇಖನಿಗಳನ್ನು ಹೊರುತ್ತಲೇ ಇರಲಿಲ್ಲ.

1934ರಲ್ಲಿ ಜಾವಾ ಹೆಸರಿನ ಕಾರು ಬಂದಿತು. 1937ರಲ್ಲಿ ಇನ್ನೂ ಸಣ್ಣದಾದ, 100 ಘನ ಸೆಂಟಿಮೀಟರ್ ವರ್ಗದ ಗಾಡಿಯೊಂದು ಬಂದಿತು. ಅದಕ್ಕೆ ರೋಬೊಟ್ ಎಂದು ಹೆಸರಿಟ್ಟರು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಆ ಪದ ಹೊಸದಲ್ಲ. 1920ರಲ್ಲಿ ಪ್ರಕಟವಾದ ಕಾರೆಲ್ ಚಾಪೆಕ್‌ನ ನಾಟಕದಿಂದ ಅದು ಲೋಕಕ್ಕೆ ಬಂದಿತು. ಬಿಟ್ಟಿ ಚಾಕರಿ ಎಂಬರ್ಥದ ಚೆಕ್ ಶಬ್ದ ಅದರ ಮೂಲ. ನಾಟಕದಲ್ಲಿ ಮನುಷ್ಯನನ್ನು ಹೆದರಿಸಿದ ಯಂತ್ರದ ಹೆಸರನ್ನು ಹೊತ್ತು ಒಂದು ಬಡ ಗಾಡಿ ಕೂಲಿಕಾರರನ್ನು ಕೆಲಸಕ್ಕೆ ಒಯ್ಯತೊಡಗಿತು.

*

1939ರ ಮಾರ್ಚಿನಲ್ಲಿ ಜರ್ಮನ್ ಸೈನ್ಯ ಪ್ರಾಗನ್ನು ಆಕ್ರಮಿಸಿತು. ಯಾವ ದೇಶದಿಂದ ಯಾನೆಚೆಕ್ ಎರಡು ಸಲ ವಿದ್ಯೆಯನ್ನು ಕೊಂಡುತಂದಿದ್ದನೋ ಆ ದೇಶವೇ ಈಗ ಒಡೆಯನಾಗಿ ಬಾಗಿಲಲ್ಲಿ ನಿಂತಿತು. ಯುದ್ಧದ ಅಗತ್ಯಗಳು ಕಾರ್ಖಾನೆಯನ್ನು ನುಂಗಿದವು. 1941ರ ಜೂನಿನಲ್ಲಿ, ಅರವತ್ತಮೂರನೆಯ ವಯಸ್ಸಿನಲ್ಲಿ, ಯಾನೆಚೆಕ್ ತೀರಿಕೊಂಡ. ತನ್ನ ದೇಶ ಮತ್ತೆ ಬಿಡುಗಡೆಯಾದುದನ್ನು ಆತ ನೋಡಲಿಲ್ಲ.

ಆತನ ಹಳೆಯ ವಿದ್ಯೆಯೂ ಸುಮ್ಮನಿರಲಿಲ್ಲ. ಬಾಯಿಯ ಕಡೆಗೆ ಕಿರಿದಾಗುತ್ತ ಹೋಗುವ ನಳಿಗೆಯಿಂದ ಗುಂಡಿನ ವೇಗವನ್ನು ಹೆಚ್ಚಿಸುವ ಸಾಧನವೊಂದು ಯಾನೆಚೆಕ್ ಹೆಸರಿನೊಂದಿಗೆ ಬ್ರಿಟನ್ನನ್ನು ಮುಟ್ಟಿತು. ಬ್ರಿಟಿಷ್ ಸೈನ್ಯ ಅದನ್ನು ಬಳಸಿತು; ಆ ಮನೆತನದ ಹೆಸರನ್ನೇ ಅಕ್ಷರಶಃ ಅನುವಾದಿಸಿ ಲಿಟಲ್‌ಜಾನ್ ಎಂದು ಕರೆಯಿತು. ಆಯುಧದಲ್ಲಿ ಪೂರ್ತಿ ಹೆಸರು ಅನುವಾದವಾಗಿ ಉಳಿಯಿತು. ಗಾಡಿಯಲ್ಲಿ ಅರ್ಧ ಹೆಸರು ಹಾಗೆಯೇ ಉಳಿಯಿತು. ಇಂದು ಲಿಟಲ್‌ಜಾನನ್ನು ಬಲ್ಲವರು ಯುದ್ಧದ ಇತಿಹಾಸ ಓದಿದವರು ಮಾತ್ರ.

ಒಡೆಯನಿಲ್ಲದ ಕಾರ್ಖಾನೆಯಲ್ಲಿ ಆತನ ಎಂಜಿನಿಯರುಗಳು ಸುಮ್ಮನೆ ಕೂರಲಿಲ್ಲ. ಆಕ್ರಮಣಕಾರರ ಕಣ್ಣು ತಪ್ಪಿಸಿ, ಯುದ್ಧ ಮುಗಿದ ಮೇಲೆ ಬರಬೇಕಾದ 250 ಘನ ಸೆಂಟಿಮೀಟರಿನ ಹೊಸ ಗಾಡಿಯೊಂದನ್ನು ರಹಸ್ಯವಾಗಿ ರೂಪಿಸಿ ಪರೀಕ್ಷಿಸಿದರು. ಸೆರೆಯಲ್ಲಿದ್ದ ದೇಶದೊಳಗೆ ಕುಳಿತು ಶಾಂತಿಕಾಲದ ವಾಹನವನ್ನು ಬರೆಯುವುದು ಸಣ್ಣ ಧೈರ್ಯವೇನಲ್ಲ. 1946ರ ಪ್ಯಾರಿಸ್ ಪ್ರದರ್ಶನದಲ್ಲಿ ಪೆರಾಕ್ ಎಂದು ಹೆಸರಾದ ಆ ಗಾಡಿ ಚಿನ್ನದ ಪದಕ ಪಡೆಯಿತು. ಅಷ್ಟರಲ್ಲಿ ಕಾರ್ಖಾನೆ ರಾಷ್ಟ್ರೀಕರಣವಾಗಿತ್ತು. ಬಂಡವಾಳಗಾರರ ಹೆಸರುಗಳನ್ನೆಲ್ಲ ಅಳಿಸಿಹಾಕಿದ ಆಳ್ವಿಕೆಯೂ ಪೆಟ್ರೋಲು ಟ್ಯಾಂಕಿನ ಮೇಲಿನ ಆ ಎರಡು ಅಕ್ಷರಗಳನ್ನು ಮಾತ್ರ ಅಳಿಸಲಿಲ್ಲ. ಪೆರಾಕ್‌ನ ವಂಶದ ಗಾಡಿಗಳು ಅದೇ ಹೆಸರಿನಿಂದ ಸಮುದ್ರ ದಾಟಿದವು.

ನಮ್ಮ ನಾಡಿಗೆ ಅವು ಬಂದ ಬಗೆ ಅನೇಕರಿಗೆ ಗೊತ್ತು. ಫರೋಖ್ ಇರಾನಿಯವರ ಐಡಿಯಲ್ ಜಾವಾ ಸಂಸ್ಥೆ 1960ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಗಿ, ಮರುವರ್ಷ ಯಾದವಗಿರಿಯ ಕಾರ್ಖಾನೆಯಿಂದ ಗಾಡಿಗಳು ಹೊರಬರತೊಡಗಿದವು. ಅಂದು ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ ಅದನ್ನು ಉದ್ಘಾಟಿಸಿದರು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೊಂದು ಸಂಸ್ಥೆ ಜಾವಾ ಹೆಸರನ್ನು ಮತ್ತೆ ರಸ್ತೆಗೆ ತಂದಿತು. ಆ ಹೊಸ ಗಾಡಿಗಳದು ನಾಲ್ಕು ಹೊಡೆತದ ಎಂಜಿನ್ನು. ಹಳೆಯದರಂತೆ ಒಂದೇ ಸನ್ನೆಯನ್ನು ಹಿಂದಕ್ಕೆ ಮಡಿಸಿ ಕಿಕ್ ಹೊಡೆದು, ಮುಂದಕ್ಕೆ ತಿರುಗಿಸಿ ಗೇರು ಹಾಕುವ ಸೊಗಸು ಅವುಗಳಲ್ಲಿಲ್ಲ.

*

ಇದಿಷ್ಟನ್ನು ತಿಳಿದುಕೊಳ್ಳುವಷ್ಟರಲ್ಲಿ ಎಂಟು ದಿನ ಕಳೆಯಿತು. ನಾನು ಮತ್ತೆ ಚನ್ನಗಿರಿಗೆ ಹೋದೆ. ಕೊರೆಯಲು ಜಾಗವಿಲ್ಲದ ಸಿಲಿಂಡರಿಗೆ ಬೇರೆ ದಾರಿಯೇ ಇಲ್ಲವೇ ಎಂದು ಮೇಸ್ತ್ರಿಯವರನ್ನು ಕೇಳಿದೆ. ಇದೆ, ಆದರೆ ಖರ್ಚಿನದು, ಕೆಲಸವೂ ಸೂಕ್ಷ್ಮ, ಮಾಡಿಸುವವರು ಕಡಿಮೆ ಎಂದರು. ಹಳೆಯ ಗೋಡೆಯನ್ನು ಇನ್ನಷ್ಟು ಅಗಲವಾಗಿ ಕೊರೆದು, ಅದರೊಳಗೆ ಎರಕದ ಕಬ್ಬಿಣದ ಹೊಸ ಕೊಳವೆಯನ್ನು ಒತ್ತಿ ಕೂರಿಸಬೇಕು. ಅದಕ್ಕೆ ಲೈನರ್ ಎಂದು ಹೆಸರು. ಕೊಳವೆಯಲ್ಲಿ ಹಳೆಯ ಕಿಂಡಿಗಳಿಗೆ ಕೂದಲೆಳೆಯಷ್ಟೂ ತಪ್ಪದಂತೆ ಹೊಸ ಕಿಂಡಿಗಳನ್ನು ಕಡಿಯಬೇಕು. ಆಮೇಲೆ ಒಳವ್ಯಾಸವನ್ನು ಹುಟ್ಟಿದ ದಿನದ ಅಳತೆಗೆ, ಅಂದರೆ 65 ಮಿಲಿಮೀಟರಿಗೆ, ತಂದು ನಿಲ್ಲಿಸಬಹುದು.

ಬೆಂಗಳೂರಿನವರಿಗೆ ಗಾಡಿ ಮಾರುವುದಿಲ್ಲವೆಂದು ತಿಳಿಸಿದೆ. ನಷ್ಟದ ವ್ಯಾಪಾರವೆಂದು ಮನೆಯಲ್ಲಿ ಮಾತು ಬಂದಿತು. ಅದು ನಿಜವೇ ಆಗಿತ್ತು.

ಸೂಳೆಕೆರೆಯ ಪಕ್ಕದ ಹಾದಿಯಲ್ಲಿ ಸಿಲಿಂಡರನ್ನು ಮಡಿಲಲ್ಲಿಟ್ಟುಕೊಂಡು ದಾವಣಗೆರೆಯ ಲೇತಿನ ಅಂಗಡಿಗೆ ಹೋದೆ. ಅಲ್ಲಿನ ಕೆಲಸಗಾರ ಡಯಲ್ ಗೇಜನ್ನು ಒಳಗಿಳಿಸಿ, ಮೇಲೆ, ನಡುವೆ, ಕೆಳಗೆ, ಪ್ರತಿ ಎತ್ತರದಲ್ಲಿ ಎರಡು ದಿಕ್ಕಿಗೆ ತಿರುಗಿಸಿ ಅಳೆದ. ಮೇಲುಭಾಗ ಹೆಚ್ಚು ಸವೆದಿತ್ತು. ದುಂಡಗಿರಬೇಕಾದ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಸ್ಫೋಟದ ಒತ್ತಡ, ಶಾಖ, ಎಣ್ಣೆಯ ಅಭಾವ ಮೂರೂ ಸೇರುವ ಕಡೆ ಸವೆತ ಹೆಚ್ಚು ಎಂದು ಆತ ವಿವರಿಸಿದ. ಲೈನರ್ ಕೂರಿಸಿ, ಕೊರೆದು, ಕೊನೆಗೆ ಹೋನಿಂಗ್ ಕಲ್ಲಿನಿಂದ ಗೋಡೆಯ ತುಂಬ ಜಾಲರಿಯಂಥ ನವಿರು ಗೆರೆಗಳನ್ನು ಎಳೆದ. ಪೂರ್ತಿ ನುಣುಪಾದ ಗೋಡೆಯಲ್ಲಿ ಎಣ್ಣೆ ನಿಲ್ಲುವುದಿಲ್ಲವಂತೆ. ಆ ಗೆರೆಗಳಲ್ಲಿ ಅದು ತಂಗುತ್ತದೆ. ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡಬೇಕಾದ ತೆರಪು ಮಿಲಿಮೀಟರಿನ ನೂರನೆಯ ಕೆಲವೇ ಭಾಗ. ಕಡಿಮೆಯಾದರೆ ಕಾದು ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಕಟಕಟ ಎನ್ನುತ್ತದೆ.

ಚನ್ನಗಿರಿಯಲ್ಲಿ ಮೇಸ್ತ್ರಿಯವರು ಕಿಂಡಿಗಳ ಅಂಚನ್ನು ಅರದಿಂದ ಸವರಿ ಮೊಂಡು ಮಾಡಿದರು. ಹರಿತವಾಗಿ ಬಿಟ್ಟರೆ ರಿಂಗು ಸಿಕ್ಕಿಕೊಂಡು ಮುರಿಯುತ್ತದೆ. ರಿಂಗಿನ ಬಾಯಿ ಅದರ ಸಣ್ಣ ಮೊಳೆಗೆ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿದರು. ಆ ಹೊತ್ತಿನಲ್ಲಿ ನಾನು ಅವರಿಗೆ ಯಾನೆಚೆಕ್‌ನ ಕತೆಯನ್ನು ಹೇಳಿದೆ. ಕೈಬಾಂಬಿನ ವಿಷಯ ಬಂದಾಗ ಅವರು ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ಕೆಲಸಕ್ಕೆ ಬಗ್ಗಿದರು. ಮೊದಲ ದುಬಾರಿ ಗಾಡಿ ಸೋತುದನ್ನೂ, ಬೇರೆಯವರ ಎಂಜಿನ್ ತಂದು ಗೆದ್ದುದನ್ನೂ ಕೇಳಿ, ಆತ ಸಮಯ ತಿಳಿದ ಮನುಷ್ಯ ಎಂದಷ್ಟೇ ಹೇಳಿದರು.

ನನಗೆ ಹೊಳೆದದ್ದು ಇಷ್ಟು. ಯಾನೆಚೆಕ್‌ನ ಕಲ್ಪನೆಯಿಂದಲೇ ಹುಟ್ಟಿದ ಆಯುಧಗಳು ವಸ್ತುಸಂಗ್ರಹಾಲಯ ಸೇರಿವೆ. ಪರರಿಂದ ಕೇಳಿ ಪಡೆದು, ಸಾಮಾನ್ಯನ ಕೈಗೆ ನಿಲುಕುವಂತೆ ಸರಳಗೊಳಿಸಿದ ಯಂತ್ರದ ಸಂತತಿ ಮಾತ್ರ ಆತ ಕೇಳಿಯೂ ಇರಲಾರದ ಊರುಗಳಲ್ಲಿ ಓಡುತ್ತಿದೆ. ಅದು ಸವೆಯದ ಯಂತ್ರವೇನಲ್ಲ, ಧಾರಾಳವಾಗಿ ಸವೆಯುತ್ತದೆ. ಸವೆದಾಗ ಪೇಟೆಯ ಲೇತಿಗೂ ಊರಿನ ಮೇಸ್ತ್ರಿಯ ಕೈಗೂ ಒಗ್ಗಿ, ಇನ್ನೊಮ್ಮೆ ಕೊರೆಸಿಕೊಳ್ಳುವಷ್ಟು ದಪ್ಪ ಗೋಡೆ ಅದಕ್ಕಿದೆ. ಐವತ್ತರ ಮೇಲೆ ಕಸಬು ಬದಲಿಸಿದ ಆ ಮನುಷ್ಯನಿಗೂ ಅಂಥ ಗೋಡೆಯೇ ಇದ್ದಿರಬೇಕು.

ಸಂಜೆಯ ವೇಳೆಗೆ ಎಂಜಿನ್ನು ಕೂಡಿತು. ಪಿಸ್ಟನ್ನಿನ ತಲೆಯ ಮೇಲಿನ ಬಾಣದ ಗುರುತು ಹೊಗೆಯ ಕಿಂಡಿಯ ಕಡೆಗೆ ಇದೆಯೆಂದು ನನಗೂ ತೋರಿಸಿ ಹೆಡ್ ಮುಚ್ಚಿದ್ದರು. ಮೂರನೆಯ ಕಿಕ್ಕಿಗೆ ಎರಡು ಸೈಲೆನ್ಸರುಗಳಿಂದ ನೀಲಿ ಹೊಗೆ ಬಂದಿತು. ಆಮೇಲೆ ಬಿಟ್ಟು ಬಿಟ್ಟು ಹೊಡೆಯುವ ಆ ಹಳೆಯ ದನಿ. ಮೇಸ್ತ್ರಿಯವರು ಕಿವಿಗೊಟ್ಟು ನಿಂತು, ಮೊದಲ 500 ಕಿಲೋಮೀಟರು ನಲವತ್ತರ ಮೇಲೆ ಓಡಿಸಬೇಡಿ, ಪೆಟ್ರೋಲಿಗೆ ಎಣ್ಣೆ ಸ್ವಲ್ಪ ಮುಂದಾಗಿಯೇ ಇರಲಿ, ಏರಿನಲ್ಲಿ ಎಳೆಯಬೇಡಿ ಎಂದು ವಿಧಿಸಿದರು. ಹೊರಡುವಾಗ ಆ ಮನುಷ್ಯನ ಪೂರ್ತಿ ಹೆಸರೇನೆಂದಿರಿ ಎಂದು ಇನ್ನೊಮ್ಮೆ ಕೇಳಿ, ಎರಡು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು. ಅವರ ಉಚ್ಚಾರ ನನ್ನದಕ್ಕಿಂತ ಚೆನ್ನಾಗಿತ್ತು.

ಹೊರತೆಗೆದ ಐದನೆಯ ಪಿಸ್ಟನ್ ಈಗ ಕಪಾಟಿನಲ್ಲಿದೆ. ನಾನೂರು ಕಿಲೋಮೀಟರು ಮುಗಿದಿದೆ. ಮುಂದಿನ ಭಾನುವಾರ ಉಳಿದ ನೂರನ್ನು ಜಗಳೂರಿನ ದಾರಿಯಲ್ಲಿ ಮುಗಿಸಬೇಕೆಂದಿದ್ದೇನೆ. ಧೂಳಿರುತ್ತದೆ, ಆದ್ದರಿಂದ ಗಾಳಿ ಸೋಸುವ ಜಾಲರಿಯನ್ನು ಇಂದೇ ತೊಳೆದಿಟ್ಟಿದ್ದೇನೆ.